ಸೈಕಾಲಜಿ ಜತೆ ಸ್ಟ್ಯಾಟಿಸ್ಟಿಕ್ಸ್: ಮುಂಬಯಿಯಲ್ಲಿ ಡಿಗ್ರಿ ಜೋಡಿಸಿಕೊಳ್ಳುವುದು ಹೇಗೆ?

ಹನ್ನೆರಡನೆಯ ಕ್ಲಾಸಿನ ರಿಸಲ್ಟ್ ಬಂದ ವಾರ ನಮ್ಮ ಸಂಘದ ಕಚೇರಿಯಲ್ಲಿ ಕುರ್ಚಿ ಸಾಲುವುದಿಲ್ಲ. ಅಡ್ಮಿಷನ್ ಫಾರ್ಮ್ ಹಿಡಿದುಕೊಂಡು ಬರುವವರೇ ಜಾಸ್ತಿ. ಮೊದಲೆಲ್ಲ ಆರ್ಟ್ಸೋ, ಕಾಮರ್ಸೋ, ಸೈನ್ಸೋ ಎಂದು ಕೇಳಿದರೆ ಮಾತು ಮುಗಿಯುತ್ತಿತ್ತು. ಈಗ ಪ್ರಶ್ನೆ ಬೇರೆ. ‘ಮಗಳಿಗೆ ಸೈಕಾಲಜಿಯೂ ಬೇಕಂತೆ, ಲೆಕ್ಕವೂ ಬೇಕಂತೆ. ಹಾಗೆ ಆಗ್ತದಾ ಮಾರಾಯ್ರೆ?’

ಆಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಅದಕ್ಕೆ ದಾರಿ ಮಾಡಿದೆ. ಮಹಾರಾಷ್ಟ್ರದ ಸ್ವಾಯತ್ತ ಕಾಲೇಜುಗಳಲ್ಲಿ 2023ರಿಂದ, ಉಳಿದ ಕಾಲೇಜುಗಳಲ್ಲಿ 2024ರಿಂದ ಈ ಪದ್ಧತಿ ಬಂದಿದೆ. ಆದರೆ ‘ಯಾವ ವಿಷಯ ಬೇಕಾದರೂ ತಗೋಬಹುದು’ ಎಂಬ ಅರ್ಧ ಮಾತು ಕೇಳಿಕೊಂಡು ಫಾರ್ಮ್ ತುಂಬುವವರು ಸಿಕ್ಕಿಹಾಕಿಕೊಳ್ಳುತ್ತಾರೆ. ಈ ಡಿಗ್ರಿ ಉಡುಪಿ ಹೋಟೆಲಿನ ರೈಸ್ ಪ್ಲೇಟ್ ಇದ್ದ ಹಾಗೆ. ತಟ್ಟೆಯಲ್ಲಿ ಎಷ್ಟು ಬಟ್ಟಲು ಎಂಬುದು ಮೊದಲೇ ನಿಗದಿ. ಕೆಲವು ಬಟ್ಟಲಿಗೆ ಏನು ಹಾಕಿಸಿಕೊಳ್ಳಬೇಕು ಎಂಬುದು ಮಾತ್ರ ನಿಮ್ಮ ಇಷ್ಟ.

ಮೊದಲು ಲೆಕ್ಕ ತಿಳಿದುಕೊಳ್ಳಿ

ಎಲ್ಲವೂ ಕ್ರೆಡಿಟ್‌ನಲ್ಲಿ ನಡೆಯುತ್ತದೆ. ಒಂದು ಸೆಮಿಸ್ಟರಿನಲ್ಲಿ 15 ಗಂಟೆ ಪಾಠ ಕೇಳಿದರೆ ಒಂದು ಕ್ರೆಡಿಟ್. ಪ್ರಾಕ್ಟಿಕಲ್ ಆದರೆ 30 ಗಂಟೆ. ಮೂರು ವರ್ಷದ ಡಿಗ್ರಿಗೆ ಕನಿಷ್ಠ 120, ನಾಲ್ಕು ವರ್ಷದ ಆನರ್ಸ್‌ಗೆ ಕನಿಷ್ಠ 160. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಚೌಕಟ್ಟಿನ ಪ್ರಕಾರ ಆ 120ರಲ್ಲಿ ಅರ್ಧ, ಅಂದರೆ 60, ಮೇಜರ್ ಎಂಬ ಮುಖ್ಯ ವಿಷಯದ್ದು. ಮೈನರ್ ಎಂಬ ಎರಡನೇ ವಿಷಯಕ್ಕೆ 24. ಮಹಾರಾಷ್ಟ್ರದ ಹಂಚಿಕೆ ಸ್ವಲ್ಪ ಆಚೀಚೆ ಇದೆ, ನಿಮ್ಮ ಕಾಲೇಜಿನ ಪ್ರಾಸ್ಪೆಕ್ಟಸ್ ನೋಡಿ. ಉಳಿದದ್ದು ಓಇ ಎಂದು ಕರೆಯುವ ಓಪನ್ ಇಲೆಕ್ಟಿವ್, ಭಾಷೆ, ಕೌಶಲದ ಕೋರ್ಸು, ಭಾರತೀಯ ಜ್ಞಾನ ಪರಂಪರೆ, ಇಂಟರ್ನ್‌ಶಿಪ್ ಇತ್ಯಾದಿ. ವಿಎಸ್‌ಸಿ, ಎಸ್‌ಇಸಿ, ಎಇಸಿ, ವಿಇಸಿ ಎಂಬ ಅಕ್ಷರಗಳನ್ನು ನೋಡಿ ಗಾಬರಿ ಬೇಡ. ಅವುಗಳಲ್ಲಿ ಹೆಚ್ಚಿನವು ಕಾಲೇಜು ಕೊಟ್ಟದ್ದನ್ನು ಓದಿ ಪಾಸಾಗುವ ಸಣ್ಣ ಕೋರ್ಸುಗಳು. ನೀವು ತಲೆ ಕೆಡಿಸಿಕೊಳ್ಳಬೇಕಾದದ್ದು ಮೂರಕ್ಕೆ: ಮೇಜರ್, ಮೈನರ್, ಓಇ.

ಕಾಲೇಜು

ಹೆಸರಿಗಿಂತ ವಿಭಾಗಗಳನ್ನು ಎಣಿಸಿ. ಆರ್ಟ್ಸ್, ಸೈನ್ಸ್, ಕಾಮರ್ಸ್ ಮೂರೂ ಒಂದೇ ಕಟ್ಟಡದಲ್ಲಿ ಇರುವ ಹಳೆಯ ಕಾಲೇಜಿನಲ್ಲಿ ಜೋಡಿಸಿಕೊಳ್ಳಲು ಜಾಗ ಇರುತ್ತದೆ. ಬರೀ ಕಾಮರ್ಸ್ ಇರುವ ಕಾಲೇಜಿನಲ್ಲಿ ನೀತಿ ಏನೇ ಹೇಳಲಿ, ಸೈಕಾಲಜಿ ಕಲಿಸಲು ಮೇಷ್ಟ್ರೇ ಇರುವುದಿಲ್ಲ ಅಲ್ವಾ? ಸ್ವಾಯತ್ತ ಕಾಲೇಜುಗಳು ತಮ್ಮ ಪಠ್ಯವನ್ನು ತಾವೇ ಮಾಡಿಕೊಳ್ಳುತ್ತವೆ, ಅಲ್ಲಿ ಆಯ್ಕೆ ಸಾಮಾನ್ಯವಾಗಿ ಹೆಚ್ಚು. ಖಾಸಗಿ ವಿಶ್ವವಿದ್ಯಾಲಯಗಳ ‘ಲಿಬರಲ್ ಆರ್ಟ್ಸ್’ ಡಿಗ್ರಿಯಲ್ಲಿ ಇನ್ನೂ ಸಡಿಲ, ಆದರೆ ಫೀಸು ವರ್ಷಕ್ಕೆ ಲಕ್ಷಗಳಲ್ಲಿ. ದುಡ್ಡು ಇದ್ದರೆ ಸರಿ. ಸಾಲ ಮಾಡಿ ಸೇರಿಸಬೇಡಿ ಎಂದೇ ನಾನು ಎಲ್ಲರಿಗೂ ಹೇಳುವುದು.

ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಇರುವ ಕಾಲೇಜುಗಳಲ್ಲಿ ಅರ್ಧದಷ್ಟು ಸೀಟು ಆ ಭಾಷೆಯವರಿಗೆ ಮೀಸಲು. ಕನ್ನಡಿಗರು ನಡೆಸುವ ಕಾಲೇಜಿಗೆ ಅರ್ಜಿ ಹಾಕುವಾಗ ಈ ಕೋಟಾ ಇದೆಯೇ ಎಂದು ಕೇಳಿ. ಅದಕ್ಕೂ ಮೊದಲು ಮಗುವಿನ ಎಲ್‌ಸಿ (ಶಾಲೆ ಬಿಟ್ಟ ಸರ್ಟಿಫಿಕೇಟ್) ತೆಗೆದು ಮಾತೃಭಾಷೆ ಎಂಬಲ್ಲಿ ಏನು ಬರೆದಿದೆ ನೋಡಿ. ಒಂದನೇ ಕ್ಲಾಸಿಗೆ ಸೇರಿಸುವಾಗ ಯಾರೋ ಸುಮ್ನೆ ‘ಮರಾಠಿ’ ಎಂದು ಬರೆದಿರುತ್ತಾರೆ. ಅದು ಗೊತ್ತಾಗುವುದು ಮೆರಿಟ್ ಲಿಸ್ಟ್ ಬಂದ ದಿನ.

ಫಾರ್ಮಿನಲ್ಲಿ ಹೆಸರು

ಮುಂಬಯಿ ವಿಶ್ವವಿದ್ಯಾಲಯದ ಪ್ರಿ-ಎನ್‌ರೋಲ್‌ಮೆಂಟ್ ಫಾರ್ಮನ್ನು ಆನ್‌ಲೈನಿನಲ್ಲಿ ತುಂಬಬೇಕು. ಕಾಲೇಜಿನ ಫಾರ್ಮ್ ಬೇರೆ. ಎರಡೂ ಸುಲಭ, ಹೆಸರೊಂದನ್ನು ಬಿಟ್ಟು. ಇಲ್ಲಿನ ಮಾರ್ಕ್ಸ್ ಶೀಟಿನಲ್ಲಿ ಅಡ್ಡಹೆಸರು ಮೊದಲು, ಆಮೇಲೆ ಸ್ವಂತ ಹೆಸರು, ಆಮೇಲೆ ಅಪ್ಪನ ಹೆಸರು. ಊರಿನಲ್ಲಿ ಮಾಡಿಸಿದ ಆಧಾರ್‌ನಲ್ಲಿ ಸ್ವಂತ ಹೆಸರು ಮತ್ತು ಒಂದು ಇನಿಷಿಯಲ್. ಈ ಎರಡು ಹೊಂದದಿದ್ದರೆ ಮುಂದೆ ಕ್ರೆಡಿಟ್ ಜಮಾ ಆಗುವ ಎಬಿಸಿ (ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಖಾತೆಯ ಐಡಿಯಲ್ಲಿ ತೊಡಕಾಗುತ್ತದೆ. ಆಧಾರ್ ತಿದ್ದಿಸುವ ಕೆಲಸವನ್ನು ರಿಸಲ್ಟಿಗೆ ಮೊದಲೇ ಮುಗಿಸಿ. ಕರ್ನಾಟಕದಲ್ಲಿ ಪಿಯುಸಿ ಮುಗಿಸಿ ಬರುವವರು ಟಿಸಿ ಜತೆಗೆ ಮೈಗ್ರೇಷನ್ ಸರ್ಟಿಫಿಕೇಟನ್ನೂ ತರಬೇಕು.

ವಿಷಯ ಜೋಡಿಸುವುದು

ಎಲ್ಲರೂ ಎಡವುವುದು ಇಲ್ಲಿ. ಸಾವಧಾನವಾಗಿ ಓದಿ.

ಕೊನೆಯಿಂದ ಶುರು ಮಾಡಿ. ಡಿಗ್ರಿ ಆದ ಮೇಲೆ ಏನು ಎಂದು ಎರಡು ಸಾಧ್ಯತೆಗಳನ್ನು ಬರೆದುಕೊಳ್ಳಿ. ಪಕ್ಕಾ ಆಗಿರಬೇಕಿಲ್ಲ, ಹದಿನೆಂಟು ವರ್ಷದವರಿಗೆ ಪಕ್ಕಾ ಎಲ್ಲಿಂದ ಬರಬೇಕು? ಆದರೆ ಆ ಎರಡಕ್ಕೆ ಯಾವ ವಿಷಯ ಎಷ್ಟು ವರ್ಷ ಓದಿರಬೇಕು ಎಂದು ಹುಡುಕಿ. ಯುಪಿಎಸ್‌ಸಿ, ಎಂಪಿಎಸ್‌ಸಿ ಪರೀಕ್ಷೆಗಳಿಗೆ ಕೂರಲು ಸಾಮಾನ್ಯವಾಗಿ ಯಾವ ಡಿಗ್ರಿಯಾದರೂ ನಡೆಯುತ್ತದೆ. ಮೇಷ್ಟ್ರ ಕೆಲಸಕ್ಕೆ ನಡೆಯುವುದಿಲ್ಲ. ಕೇಂದ್ರೀಯ ವಿದ್ಯಾಲಯದ ಟಿಜಿಟಿ (ಟ್ರೇನ್ಡ್ ಗ್ರ್ಯಾಜುಯೇಟ್ ಟೀಚರ್) ಹುದ್ದೆಗೆ ಕಲಿಸುವ ವಿಷಯವನ್ನು ಡಿಗ್ರಿಯ ಮೂರೂ ವರ್ಷ ಓದಿರಬೇಕು ಎಂದು ಜಾಹೀರಾತಿನಲ್ಲಿ ಕೇಳಿದ್ದಾರೆ. ಸಮಾಜ ವಿಜ್ಞಾನಕ್ಕಾದರೆ ಇತಿಹಾಸ, ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರಗಳಲ್ಲಿ ಎರಡು, ಅದರಲ್ಲಿ ಒಂದು ಇತಿಹಾಸ ಅಥವಾ ಭೂಗೋಳ. ಒಂದು ಸೆಮಿಸ್ಟರಿನಲ್ಲಿ ಇತಿಹಾಸದ ಓಇ ಮಾಡಿದ್ದೇನೆ ಎಂದರೆ ಅಲ್ಲಿ ಯಾರೂ ಕೇಳುವುದಿಲ್ಲ. ಹಾಗೆಯೇ ಎಂಎಸ್ಸಿ ಸ್ಟ್ಯಾಟಿಸ್ಟಿಕ್ಸ್ ಕನಸಿದ್ದರೆ ಗಣಿತ ಅಥವಾ ಸ್ಟ್ಯಾಟಿಸ್ಟಿಕ್ಸ್ ಮೇಜರ್ ಅಥವಾ ಗಟ್ಟಿ ಮೈನರ್ ಆಗಿರಲಿ.

ಎರಡನೆಯದು ಓಇ ನಿಯಮ. ಮಹಾರಾಷ್ಟ್ರದಲ್ಲಿ ಓಇ ಎಂಬುದು ಮೇಜರ್ ಇರುವ ಫ್ಯಾಕಲ್ಟಿಯ ಹೊರಗಿನದೇ ಆಗಿರಬೇಕು. ಮೈನರ್‌ಗೆ ಈ ಕಟ್ಟು ಇಲ್ಲ, ಒಳಗಿನದೂ ಆಗಬಹುದು, ಹೊರಗಿನದೂ ಆಗಬಹುದು. ಬಿಎಯಲ್ಲಿ ಅರ್ಥಶಾಸ್ತ್ರ ಮೇಜರ್ ಮಾಡುವ ಹುಡುಗ ಓಇಗೆ ರಾಜ್ಯಶಾಸ್ತ್ರ ಬರೆದರೆ ಅದು ಬಿದ್ದುಹೋಗುತ್ತದೆ, ಏಕೆಂದರೆ ಎರಡೂ ಹ್ಯೂಮ್ಯಾನಿಟೀಸ್. ಆಮೇಲೆ ಆಫೀಸಿನವರು ಎಲ್ಲಿ ಸೀಟು ಉಳಿದಿದೆಯೋ ಅಲ್ಲಿಗೆ ಹಾಕುತ್ತಾರೆ. ಹಾಗಾಗಿ ಓಇಗೆ ಮೂರು ಹೆಸರು ಬರೆದುಕೊಂಡು ಹೋಗಿ. ನೀವು ರಾಜ್ಯಶಾಸ್ತ್ರವನ್ನು ನಿಜಕ್ಕೂ ಇಷ್ಟಪಟ್ಟರೆ ಅದನ್ನು ಮೈನರ್ ಮಾಡಿಕೊಳ್ಳಿ.

ಮೂರನೆಯದು ಟೈಮ್‌ಟೇಬಲ್. ಪ್ರಾಸ್ಪೆಕ್ಟಸ್‌ನಲ್ಲಿ ಹದಿನೈದು ಮೈನರ್ ಇರುತ್ತವೆ. ಅವುಗಳಲ್ಲಿ ನಿಮ್ಮ ಮೇಜರ್ ಜತೆ ಹೊಂದುವುದು ನಾಲ್ಕೋ ಐದೋ. ಸೈನ್ಸಿನವರ ಪ್ರಾಕ್ಟಿಕಲ್ ಮಧ್ಯಾಹ್ನ, ಆರ್ಟ್ಸಿನ ಕ್ಲಾಸು ಬೆಳಿಗ್ಗೆ ಏಳಕ್ಕೆ, ಇನ್ನೊಂದು ಸಂಜೆಗೆ. ಕಾಗದದ ಮೇಲೆ ಎಲ್ಲ ಸಾಧ್ಯ. ಡೊಂಬಿವಲಿಯಿಂದ ಐದೂವರೆಯ ಲೋಕಲ್ ಹಿಡಿದು ಬರುವ ಹುಡುಗಿ ಏಳರಿಂದ ಐದರವರೆಗೆ ಕಾಲೇಜಿನಲ್ಲಿ ಕೂತು, ನಡುವೆ ಮೂರು ಗಂಟೆ ಖಾಲಿ ಅಲೆದು, ಎರಡನೇ ತಿಂಗಳಿಗೆ ಮೈನರ್ ಕ್ಲಾಸಿಗೆ ಚಕ್ಕರ್ ಹೊಡೆಯುತ್ತಾಳೆ. ಆಮೇಲೆ ಎಟಿಕೆಟಿ, ಅಂದರೆ ಫೇಲಾದ ವಿಷಯವನ್ನು ಬಾಕಿ ಇಟ್ಟುಕೊಂಡು ಮುಂದೆ ಹೋಗುವುದು. ಆದ್ದರಿಂದ ಫೀಸು ಕಟ್ಟುವ ಮುಂಚೆ ಆಫೀಸಿಗೆ ಹೋಗಿ ಹಿಂದಿನ ವರ್ಷದ ಟೈಮ್‌ಟೇಬಲ್ ಕೇಳಿ. ನೋಟಿಸ್ ಬೋರ್ಡಿನ ಫೋಟೋ ಆದರೂ ಸಾಕು. ಕೊಡುವುದಿಲ್ಲ ಎಂದರೆ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕ್ಯಾಂಟೀನಿನಲ್ಲಿ ಹಿಡಿಯಿರಿ. ಎರಡು ವಡಾಪಾವ್ ಕೊಡಿಸಿದರೆ ಯಾವ ಮೈನರ್ ಕಳೆದ ವರ್ಷ ಹೆಸರಿಗಷ್ಟೇ ಇತ್ತು, ಯಾರ ಕ್ಲಾಸು ಚೆನ್ನಾಗಿದೆ ಎಲ್ಲ ಹೇಳುತ್ತಾನೆ.

ಇಷ್ಟಾದ ಮೇಲೆ ಒಂದು ಕಾಗದಕ್ಕೆ ಆರು ಮನೆ ಗೆರೆ ಹಾಕಿ, ಸೆಮಿಸ್ಟರಿಗೊಂದು. ಮೇಜರ್, ಮೈನರ್, ಓಇ ಜತೆಗೆ ಕಾಲೇಜು ಕೊಡುವ ಉಳಿದ ಸಣ್ಣ ಕೋರ್ಸುಗಳನ್ನೂ ಪ್ರತಿ ಮನೆಯಲ್ಲಿ ಬರೆದು ಕ್ರೆಡಿಟ್ ಕೂಡಿಸಿ. ಪ್ರತಿ ಸೆಮಿಸ್ಟರಿಗೆ 20ರಿಂದ 22 ಬರಬೇಕು. ಬರದಿದ್ದರೆ ಏನೋ ಬಿಟ್ಟುಹೋಗಿದೆ.

ನನ್ನ ಇಷ್ಟ ಕೇಳಿದರೆ: ಮೇಜರ್ ಏನೇ ಇರಲಿ, ಮೈನರ್ ಸ್ಟ್ಯಾಟಿಸ್ಟಿಕ್ಸ್ ಇರಲಿ. ಅದು ಆಗದಿದ್ದರೆ ಒಂದು ಭಾಷೆ. ಡಿಜಿಟಲ್ ಮಾರ್ಕೆಟಿಂಗ್, ಪರ್ಸನಾಲಿಟಿ ಡೆವಲಪ್‌ಮೆಂಟ್ ಮುಂತಾದ ಓಇಗಳ ಹಿಂದೆ ಹೋಗಬೇಡಿ. ಮಾರ್ಕು ಸುಲಭ ಎಂದು ಮಕ್ಕಳು ಮುಗಿಬೀಳುತ್ತಾರೆ, ಆದರೆ ಅಲ್ಲಿ ಕಲಿಯುವುದನ್ನು ರಜೆಯಲ್ಲಿ ಒಂದು ವಾರ ಕೂತರೆ ಯೂಟ್ಯೂಬಿನಲ್ಲೇ ಕಲಿಯಬಹುದು. ಖಗೋಳವೋ, ಸಸ್ಯಶಾಸ್ತ್ರವೋ ಇದ್ದರೆ ಕಣ್ಣು ಮುಚ್ಚಿ ಹಿಡಿಯಿರಿ.

‘ಕೆರಿಯರ್ ಕೌನ್ಸೆಲರ್’ ಎಂದು ಬೋರ್ಡು ಹಾಕಿಕೊಂಡವರು ಬೆರಳಚ್ಚು ತೆಗೆದು, ಕಂಪ್ಯೂಟರಿನಲ್ಲಿ ಬಣ್ಣದ ವೃತ್ತ ತೋರಿಸಿ, ನಿಮ್ಮ ಮಗನಿಗೆ ಇಂಥದ್ದೇ ವಿಷಯ ಸರಿ ಎಂದು ಸಾವಿರಗಟ್ಟಲೆ ಕೀಳುತ್ತಾರೆ. ಆ ದುಡ್ಡಿಗೆ ಪುಸ್ತಕ ಕೊಳ್ಳಿ.

ಆನ್‌ಲೈನ್ ಕ್ರೆಡಿಟ್

ಕಾಲೇಜಿನಲ್ಲಿ ಇಲ್ಲದ ವಿಷಯವನ್ನು ಸರಕಾರದ ಸ್ವಯಂ ವೇದಿಕೆಯಲ್ಲಿ ಓದಿ ಕ್ರೆಡಿಟ್ ತರಬಹುದು. ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ ಶೇಕಡಾ 40ರವರೆಗೆ ಯುಜಿಸಿ ಒಪ್ಪುತ್ತದೆ. ಅಲ್ಲಿ ಐಐಟಿಗಳ ಎನ್‌ಪಿಟಿಇಎಲ್ ನಡೆಸುವ ಎಂಟು ವಾರದ ಕೋರ್ಸಿಗೆ ಸಾಮಾನ್ಯವಾಗಿ 2 ಕ್ರೆಡಿಟ್, ಹನ್ನೆರಡು ವಾರದ್ದಕ್ಕೆ 3. ಸೇರಲು ದುಡ್ಡಿಲ್ಲ, ಪರೀಕ್ಷೆಗೆ ಫೀಸು ಇದೆ. ಕೋರ್ಸಿಗೆ ಸೇರುವ ಮೊದಲೇ ಕಾಲೇಜಿನ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಸರ್ಟಿಫಿಕೇಟ್ ಬಂದ ಮೇಲೆ ಕೇಳಿದರೆ ‘ನಮ್ಮ ಪಟ್ಟಿಯಲ್ಲಿ ಇಲ್ಲ’ ಎನ್ನುತ್ತಾರೆ. ಇನ್‌ಸ್ಟಾಗ್ರಾಂನಲ್ಲಿ 499 ರೂಪಾಯಿಗೆ ಮಾರುವ ಸರ್ಟಿಫಿಕೇಟುಗಳಿಗೆ ಕ್ರೆಡಿಟ್ ಸಿಗುವುದಿಲ್ಲ, ಎಷ್ಟೇ ಚಿನ್ನದ ಮುದ್ರೆ ಇದ್ದರೂ.

ಸೇರಿದ ಮೇಲೆ

ಡಿಜಿಲಾಕರ್ ಮೂಲಕ ಎಬಿಸಿ ಖಾತೆ ತೆರೆಯಿರಿ. ಹನ್ನೆರಡು ಅಂಕಿಯ ಐಡಿ ಬರುತ್ತದೆ.

ಒಂದು ವರ್ಷ ಓದಿ ಬಿಟ್ಟರೂ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಎಂಬುದು ನಿಜ. ಆದರೆ ಬರೀ ಪಾಸಾದರೆ ಸಾಲದು, ಅದಕ್ಕೆ ಪ್ರತ್ಯೇಕವಾಗಿ 4 ಕ್ರೆಡಿಟ್‌ನ ವೃತ್ತಿ ಕೋರ್ಸೋ ಇಂಟರ್ನ್‌ಶಿಪ್ಪೋ ಮಾಡಬೇಕು. ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷದೊಳಗೆ ವಾಪಸು ಬರಬಹುದು, ಒಟ್ಟು ಏಳು ವರ್ಷದಲ್ಲಿ ಮುಗಿಸಬೇಕು. ಮನೆಯಲ್ಲಿ ಕಷ್ಟ ಬಂದಾಗ ಇದು ಉಪಯೋಗ. ಬೇಜಾರು ಬಂತೆಂದು ಬಿಡಲು ಇದನ್ನು ನೆಪ ಮಾಡಿಕೊಳ್ಳಬೇಡಿ, ಒಂದು ವರ್ಷದ ಸರ್ಟಿಫಿಕೇಟ್ ನೋಡಿ ಕೆಲಸ ಕೊಡುವವರನ್ನು ನಾನು ಇನ್ನೂ ಕಂಡಿಲ್ಲ.

ನಾಲ್ಕನೇ ವರ್ಷ ಸಂಶೋಧನೆಯ ಆನರ್ಸ್ ಬೇಕಾದರೆ ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡಾ 75 ಇರಬೇಕು. ನಾಲ್ಕು ವರ್ಷ ಮುಗಿಸಿದವರಿಗೆ ಎಂಎ, ಎಂಎಸ್ಸಿ ಒಂದೇ ವರ್ಷದಲ್ಲಿ ಮುಗಿಸುವ ದಾರಿಯೂ ಇದೆ.

ಪ್ರತಿ ಸೆಮಿಸ್ಟರಿನ ರಿಸಲ್ಟ್ ಬಂದು ಒಂದೆರಡು ತಿಂಗಳಿಗೆ ಎಬಿಸಿ ಖಾತೆ ತೆರೆದು ಕ್ರೆಡಿಟ್ ಜಮಾ ಆಗಿದೆಯೇ ನೋಡಿ. ಆಗಿಲ್ಲದಿದ್ದರೆ ಮಾರ್ಕ್ಸ್ ಶೀಟಿನ ಝೆರಾಕ್ಸ್, ಹಾಲ್ ಟಿಕೆಟ್, ಐಡಿ ನಂಬರ್ ಮೂರನ್ನೂ ಲಗತ್ತಿಸಿ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಡಿ. ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಯ ಮೇಲೆ ಆಫೀಸಿನ ಸಿಕ್ಕಾ ಹಾಕಿಸಿಕೊಳ್ಳಿ.