ಒಡೆದ ಟೈಲ್ಸ್ ಕ್ಲೇಮ್: ಹಮಾಲರು ಲಾರಿ ಹತ್ತುವ ಮುಂಚಿನ ಅರ್ಧ ಗಂಟೆ

ದಾವಣಗೆರೆಯಲ್ಲಿ ಟೈಲ್ಸ್ ಮಾರುವ ಯಾರನ್ನಾದರೂ ಕೇಳಿ, ಒಡೆದ ಮಾಲಿನ ದುಡ್ಡು ವಾಪಸ್ ಬಂದದ್ದುಂಟಾ ಅಂತ. ನಗುತ್ತಾರೆ. ನೂರಕ್ಕೆ ಎರಡು-ಮೂರು ಬಾಕ್ಸ್ ಹೋಗೋದೇ, ರೇಟಿಗೆ ಸೇರಿಸಿ ಮಾರು ಅನ್ನೋದು ಇಲ್ಲಿಯ ಹಳೆ ಲೆಕ್ಕ. ನಾನು ಇನ್ಶೂರೆನ್ಸ್ ಕ್ಲೇಮ್ ಹಾಕುತ್ತೇನೆ ಅಂದಾಗ ಪಿ.ಬಿ. ರಸ್ತೆಯ ಹಿರಿಯ ಸಾವ್ಕಾರರೊಬ್ಬರು, "ಅಂಚೆ ಖರ್ಚೂ ಹುಟ್ಟಲ್ಲ, ಬಿಡೋ ತಮ್ಮಾ" ಅಂದಿದ್ದರು. ಈಗ ಅವರ ಮಗನೇ ಪತ್ರದ ನಮೂನೆ ಕೇಳಿಕೊಂಡು ನನ್ನ ಗೋಡೌನಿಗೆ ಬರುತ್ತಾನೆ. ಈ ಎರಡು-ಮೂರು ವರ್ಷದಲ್ಲಿ ಹೆಚ್ಚೂಕಮ್ಮಿ ಎರಡೂವರೆ ಲಕ್ಷ ವಸೂಲಾಗಿದೆ. ನಮ್ಮಂಥ ಅಂಗಡಿಗೆ ಅದು ಸಣ್ಣ ದುಡ್ಡಲ್ಲ.

ಮೊದಲು ಕೈಕೊಟ್ಟ ದಾರಿಗಳನ್ನು ಹೇಳಿಬಿಡುತ್ತೇನೆ. ಎಲ್ಲರೂ ಮಾಡೋದು ಬ್ಯಾಲೆನ್ಸ್ ಬಾಡಿಗೆ, ಅಂದರೆ ಮಾಲು ಇಳಿದ ಮೇಲೆ ಲಾರಿಗೆ ಕೊಡುವ ಬಾಕಿ, ಕೊಡದೆ ಹಿಡಿಯೋದು. ನಾನೂ ಒಮ್ಮೆ ಇಪ್ಪತ್ತು ಸಾವಿರ ಹಿಡಿದೆ. ಡ್ರೈವರ್ ಗೋಡೌನ್ ಮುಂದೆಯೇ ಸ್ಟೌ ಹಚ್ಚಿ ಕೂತ. ನಮಗೆ ಟೈಲ್ಸ್ ಬರುವ ಗುಜರಾತಿನ ಮೋರ್ಬಿಯ ಲಾರಿ ಆಫೀಸುಗಳಿಗೆಲ್ಲ ಸುದ್ದಿ ಹೋಯ್ತು. ಮುಂದಿನ ಲೋಡಿಗೆ ಗಾಡಿಯೇ ಸಿಗಲಿಲ್ಲ. ಸಿಕ್ಕಿದ್ದಕ್ಕೂ ಐದಾರು ಸಾವಿರ ಜಾಸ್ತಿ ಕೇಳಿದರು. ಹೀಗೆ ಮೂರ್ನಾಲ್ಕು ಲೋಡ್ ಆಗುವಷ್ಟರಲ್ಲಿ ಹಿಡಿದ ದುಡ್ಡು ಕರಗಿಹೋಯ್ತು.

ಫ್ಯಾಕ್ಟರಿಯವರ ಹತ್ತಿರ ಕೇಳೋದೂ ಅಷ್ಟರಲ್ಲೇ ಇದೆ. ನಾವು ಕೊಳ್ಳೋದು ಎಕ್ಸ್-ಫ್ಯಾಕ್ಟರಿ ರೇಟಿಗೆ. ಗೇಟ್ ದಾಟಿದ ಮೇಲೆ ಮಾಲು ನಮ್ಮದು, ಒಡೆದರೂ ನಮ್ಮದೇ. ಒಂದು ಸಲ ಕ್ರೆಡಿಟ್ ನೋಟ್ ಕೊಟ್ಟರು. ಮುಂದಿನ ಬಿಲ್ಲಿನಲ್ಲಿ ಚದರ ಅಡಿಗೆ ಒಂದು ರೂಪಾಯಿ ಏರಿಸಿ ಅದನ್ನೂ ತೆಗೆದುಕೊಂಡರು.

ಇನ್ನು ಇನ್ಶೂರೆನ್ಸ್. ನಮ್ಮೂರಲ್ಲಿ ಸುಮಾರು ಜನರ ಬಳಿ ಇರೋದು 'ಬಿ' ಕ್ಲಾಸ್ ಪಾಲಿಸಿ, ಪ್ರೀಮಿಯಂ ಕಡಿಮೆ ಅಂತ. ಅದು ಬೆಂಕಿ, ಡಿಕ್ಕಿ, ಗಾಡಿ ಪಲ್ಟಿ ಇಂಥದ್ದಕ್ಕೆ ಮಾತ್ರ. ಸಾವಿರದ ಮುನ್ನೂರು-ನಾನೂರು ಕಿಲೋಮೀಟರ್ ಕುಲುಕಿಕೊಂಡು ಬಂದು ಒಳಗೊಳಗೇ ಬಿರುಕು ಬಿಟ್ಟ ಟೈಲ್ಸಿಗೆ ಅದರಿಂದ ಕಾಸೂ ಬರಲ್ಲ. 'ಎ' ಕ್ಲಾಸ್ ಬೇಕು, ಅದೂ ಓಪನ್ ಪಾಲಿಸಿ, ಅಂದರೆ ಲೋಡಿಗೊಂದು ಮಾಡಿಸದೆ ಎಲ್ಲ ಲೋಡಿಗೂ ಒಂದೇ. ಅದರಲ್ಲೂ ಪ್ಯಾಕಿಂಗ್ ಸರಿಯಿಲ್ಲ ಅಂತ ತಳ್ಳಿಹಾಕಲು ದಾರಿ ಇದೆ. ಅದರ ಕಥೆ ಆಮೇಲೆ.

ಗೆಲುವು ಸೋಲು ಎರಡೂ ಹಮಾಲರು ಲಾರಿ ಹತ್ತುವ ಮುಂಚಿನ ಅರ್ಧ ಗಂಟೆಯಲ್ಲೇ ತೀರ್ಮಾನ ಆಗುತ್ತೆ. ಟಾರ್ಪಾಲು ಬಿಚ್ಚುವಾಗಲೇ ಫೋಟೋ, ಗಾಡಿ ನಂಬರ್ ಕಾಣೋ ಹಾಗೆ. ಲಾರಿಯ ಹಿಂದಿನ ಡಾಲಾ (ಬಾಗಿಲು) ಇಳಿಸಿದ ಕೂಡಲೇ ಇನ್ನೊಂದು. ಆಮೇಲೆ ಕೈಗೆ ಸಿಕ್ಕ ಬಾಕ್ಸುಗಳನ್ನು ಬೆರಳ ಗೆಣ್ಣಿನಿಂದ ಕುಟ್ಟುತ್ತಾ ಹೋಗುತ್ತೇನೆ. ಗಟ್ಟಿ ಇದ್ದರೆ ಠಣ್ ಅನ್ನುತ್ತೆ, ಒಡೆದಿದ್ದರೆ ಡಬ್ ಅಂತ ಸದ್ದು ಸತ್ತಿರುತ್ತೆ. ಡಬ್ ಅಂದದ್ದಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು.

ಈಗ ಎಲ್.ಆರ್., ಅಂದರೆ ಮಾಲು ಬುಕ್ ಮಾಡಿದಾಗ ಟ್ರಾನ್ಸ್‌ಪೋರ್ಟಿನವರು ಕೊಡುವ ರಸೀದಿ, ಅದರ ಮೇಲೆ ಬರೆಯೋದು. "ಸಬ್ಜೆಕ್ಟ್ ಟು ಚೆಕಿಂಗ್" ಅಂತ ಬರೆದು ಸುಮ್ಮನಾಗುತ್ತಾರೆ, ಅದು ಯಾವ ಕೆಲಸಕ್ಕೂ ಬಾರದು. ನಾನು ಬರೆಯೋದು ಹೀಗೆ: "ಎಡಗಡೆ ಕೆಳಸಾಲು, ಹಿಂದಿನ ಗಾಲಿ ಮೇಲೆ, ಸುಮಾರು 40 ಬಾಕ್ಸ್ ಒಡೆದಿವೆ. ಟಾರ್ಪಾಲು ಹರಿದಿದೆ, 12 ಬಾಕ್ಸ್ ನೆನೆದಿವೆ." ಕೆಳಗೆ ಡ್ರೈವರ್ ಸಹಿ, ಹೊತ್ತು, ತಾರೀಖು. ಡ್ರೈವರ್ ಸಹಿ ಹಾಕಲ್ಲ ಅಲ್ವಾ ಅಂತ ಕೇಳುತ್ತೀರಿ. ನನಗೆ ಹಾಕುತ್ತಾರೆ. ಹೇಗೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಬಾಡಿಗೆ ಮಾತ್ರ ಪೂರ್ತಿ ಕೊಡುತ್ತೇನೆ, ಅದೂ ಸಹಿ ಹಾಕುವ ಮುಂಚೆಯೇ.

ಅವತ್ತೇ ಎರಡು ಕೆಲಸ. ಇನ್ಶೂರೆನ್ಸ್‌ಗೆ ಫೋನ್ ಮತ್ತು ಮೇಲ್. ಎಲ್.ಆರ್. ಕೊಟ್ಟ ಟ್ರಾನ್ಸ್‌ಪೋರ್ಟಿಗೆ ಅಂಚೆಯಲ್ಲಿ ಲಿಖಿತ ನೋಟಿಸ್. ಲಾರಿ ಮಾಲೀಕನಿಗಲ್ಲ, ಎಲ್.ಆರ್. ಯಾರ ಹೆಸರಲ್ಲಿದೆಯೋ ಅವರಿಗೆ. ಈ ನೋಟಿಸ್ ಇಲ್ಲದ ಒಂದು ಕ್ಲೇಮಿನಲ್ಲಿ ಇನ್ಶೂರೆನ್ಸ್ ಕಂಪನಿ ಕಾಲು ಭಾಗ ಕತ್ತರಿಸಿತು. ಟ್ರಾನ್ಸ್‌ಪೋರ್ಟಿನಿಂದ ವಸೂಲು ಮಾಡುವ ಅವರ ಹಕ್ಕು ಕೆಟ್ಟಿತಂತೆ. 2007ರ ರಸ್ತೆ ಸಾಗಣೆ ಕಾಯಿದೆಯಲ್ಲಿ ನೋಟಿಸಿಗೆ 180 ದಿನ ಇದೆ. ಆದರೆ ಆ ದಿನ ಎಣಿಸೋದು ಬುಕ್ ಮಾಡಿದ ತಾರೀಖಿನಿಂದ, ಮಾಲು ಇಳಿದ ದಿನದಿಂದಲ್ಲ. ಹರಿಹರದ ಗೆಳೆಯನಿಗೆ ಇದರಲ್ಲೇ ಏಟು ಬಿತ್ತು.

ಎಲ್.ಆರ್. ಮೇಲೆ ಓನರ್ಸ್ ರಿಸ್ಕ್ (ನಷ್ಟ ಮಾಲಿನವರದ್ದೇ) ಅಂತ ದಪ್ಪಕ್ಷರದಲ್ಲಿ ಇರುತ್ತೆ, ಅದಕ್ಕೆ ಹೆದರಬೇಡಿ. ಬೆಲೆ ಡಿಕ್ಲೇರ್ ಮಾಡದಿದ್ದರೂ ಬಾಡಿಗೆಯ ಹತ್ತು ಪಟ್ಟಿನವರೆಗೆ ಅವರ ಹೊಣೆ ಅಂತ ನಿಯಮ ಇದೆ. ಟೈಲ್ಸಿನವರಿಗೆ ಇದು ಲಾಭ. ಲೋಡಿನ ಬೆಲೆ ನಾಲ್ಕೂವರೆ ಲಕ್ಷದ ಆಸುಪಾಸು, ಬಾಡಿಗೆ ಎಪ್ಪತ್ತು ಸಾವಿರ ಅಂದುಕೊಳ್ಳಿ. ಹತ್ತು ಪಟ್ಟು ಅಂದರೆ ಮಾಲಿನ ಬೆಲೆಗಿಂತ ಮೇಲಾಯ್ತು. ನಲ್ಲಿ, ಶವರ್ ತರಿಸುವವರು ಮಾತ್ರ ಹುಷಾರು. ನಲವತ್ತು ಸಾವಿರದ ಪೆಟ್ಟಿಗೆಗೆ ಮುನ್ನೂರು ರೂಪಾಯಿ ಬಾಡಿಗೆ ಆದರೆ ಸಿಗೋದು ಮೂರು ಸಾವಿರ. ಅಲ್ಲಿ ಸ್ವಲ್ಪ ಜಾಸ್ತಿ ಬಾಡಿಗೆ ಕೊಟ್ಟು ಬೆಲೆ ಬರೆಸಲೇಬೇಕು.

ಜಿ.ಎಸ್.ಟಿ. ವಿಷಯ ಯಾರೂ ಹೇಳಿಕೊಡಲ್ಲ. ಒಡೆದು ಹಾಳಾದ ಮಾಲಿಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಟ್ಯಾಕ್ಸಿನ ವಜಾ) ಇಲ್ಲ, ವಾಪಸ್ ಕಟ್ಟಬೇಕು. ನಷ್ಟ ಅಳೆಯಲು ಇನ್ಶೂರೆನ್ಸ್‌ನಿಂದ ಬರುವ ಸರ್ವೇಯರ್ ಬಿಲ್ಲಿನಿಂದ ಟ್ಯಾಕ್ಸ್ ತೆಗೆದು ಲೆಕ್ಕ ಹಾಕಿದರೆ ನೂರಕ್ಕೆ ಹದಿನೆಂಟು ನಮ್ಮ ತಲೆಗೇ. ಕ್ರೆಡಿಟ್ ವಾಪಸ್ ಮಾಡಿದ್ದಕ್ಕೆ ಆಡಿಟರ್ ಪತ್ರ ಜೊತೆಗಿಟ್ಟು ಟ್ಯಾಕ್ಸ್ ಸೇರಿಸಿಯೇ ಕ್ಲೇಮ್ ಹಾಕಿ. ಸುಮಾರು ಎಪ್ಪತ್ತು ಸಾವಿರದ ಕ್ಲೇಮಿನಲ್ಲಿ ಇದರಿಂದಲೇ ಹತ್ತು ಹನ್ನೊಂದು ಸಾವಿರ ಉಳಿಯಿತು.

ಪ್ಯಾಕಿಂಗ್ ಕಥೆ ಬಾಕಿ ಇತ್ತಲ್ಲ. ಸೀಮೆಸುಣ್ಣದ ಗುರುತುಗಳನ್ನು ಹಾಳೆಯಲ್ಲಿ ಬರೆದಿಡುತ್ತಾ ಹೋದೆ. ಒಡೆಯೋದೆಲ್ಲ ಹೆಚ್ಚಾಗಿ ಹಿಂದಿನ ಗಾಲಿ ಮೇಲಿನ ಕೆಳಸಾಲಿನಲ್ಲಿ. ಆ ಹಾಳೆ ತೋರಿಸಿ, ಅಲ್ಲಿ ಹುಲ್ಲು ದಪ್ಪ ಹಾಸಿ, ಬಾಕ್ಸ್ ನಿಲ್ಲಿಸಿಯೇ ಜೋಡಿಸಿ ಅಂತ ಮೋರ್ಬಿಗೆ ಹೇಳಿದೆ. ಲೋಡಿಂಗ್ ಫೋಟೋ ತರಿಸಿಕೊಳ್ಳುತ್ತೇನೆ. ಪ್ಯಾಕಿಂಗ್ ಸರಿಯಿಲ್ಲ ಅನ್ನುವ ಸರ್ವೇಯರ್ ಮುಂದೆ ಆ ಫೋಟೋ ಇಟ್ಟರೆ ಮಾತು ಮುಗಿಯುತ್ತೆ.

ಜಗಳೂರು, ಹರಪನಹಳ್ಳಿ ಕಡೆ ನಮ್ಮ ಸಣ್ಣ ಗಾಡಿಯಲ್ಲಿ ಕಳಿಸುವಾಗ ಬೇರೆ ಪ್ರಯೋಗ ಮಾಡಿದೆ. ಮಂಡಕ್ಕಿ ಭಟ್ಟಿಗಳಿಗೆ ಬರುವ ಭತ್ತದ ಹೊಟ್ಟನ್ನು ಚೀಲಕ್ಕೆ ತುಂಬಿ ಸಂದಿಗೆ ತುರುಕಿದೆ. ಒಡೆಯೋದು ಕಮ್ಮಿಯಾಯ್ತು ನಿಜ. ಆದರೆ ಚೀಲ ಹರಿದು ಗಿರಾಕಿಯ ಹೊಸ ಮನೆ ತುಂಬ ಹೊಟ್ಟು. ಬೈಸಿಕೊಂಡು ಬಿಟ್ಟೆ. ಈಗ ಹಳೇ ಟ್ಯೂಬ್ ಕತ್ತರಿಸಿ ಹಾಕುತ್ತೇನೆ. ಪಂಕ್ಚರ್ ಅಂಗಡಿಯವನು ಪುಕ್ಕಟೆ ಕೊಡುತ್ತಾನೆ.

ಒಡೆದ ಚೂರಿಗೂ ಬೆಲೆ ಕಟ್ಟಿ ಸರ್ವೇಯರ್ ಅಷ್ಟು ಕಡಿತ ಮಾಡುತ್ತಾರೆ, ಅದಕ್ಕೆ ಜಗಳ ಬೇಡ. ಬಿಳಿ ಟೈಲ್ಸ್ ಚೂರನ್ನು ತಾರಸಿಗೆ ಹಾಕಿಸುವವರಿದ್ದಾರೆ, ನಮ್ಮ ಬಿಸಿಲಿಗೆ ಮನೆ ತಂಪಾಗುತ್ತೆ ಅಂತ. ಬಾಕ್ಸಿಗೆ ಮೂವತ್ತು-ನಲವತ್ತು ರೂಪಾಯಿ ಸಿಗುತ್ತೆ, ಮಾರ್ಚ್-ಏಪ್ರಿಲ್‌ನಲ್ಲಿ ಇನ್ನೂ ಜಾಸ್ತಿ. ಆದರೆ ಸರ್ವೇ ಮುಗಿದು ಪತ್ರ ಕೈಗೆ ಬರುವ ತನಕ ಒಂದು ಚೂರೂ ಗೋಡೌನ್ ಬಿಟ್ಟು ಹೋಗಬಾರದು. ಕಮೋಡ್ ಮಾತ್ರ ಒಡೆದರೆ ಚೂರಿಗೆ ಗಿರಾಕಿಯೇ ಇಲ್ಲ. ಅದಕ್ಕೆ ಸಾಲ್ವೇಜ್ (ಚೂರಿನ ಬೆಲೆ) ಸೊನ್ನೆ ಅಂತಲೇ ಬರೆಯಿರಿ ಅಂತ ಈಗಿನ ಸರ್ವೇಯರ್ ಜೊತೆ ಪಟ್ಟು ಹಿಡಿದಿದ್ದೇನೆ. ಫೈಲು ಇನ್ನೂ ಅವರ ಹತ್ತಿರವೇ ಇದೆ.