ಡಬ್ಬಿಯ ಜಾಗ ಬದಲಿಸಿ ನೋಡಿ

ಮೂರನೇ ತರಗತಿಯ ಮಗನಿಗೆ ವರ್ಷದಲ್ಲಿ ಎರಡನೇ ಸಲ ಸಮವಸ್ತ್ರ ಬಿಗಿಯಾದಾಗ, ನಮ್ಮತ್ತೆ "ಮೈ ತುಂಬಿಕೊಂಡಿದ್ದಾನೆ" ಎಂದು ದೃಷ್ಟಿ ತೆಗೆದರು. ವೈದ್ಯರು ಅವನ ಎತ್ತರ, ತೂಕ ಎರಡನ್ನೂ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಿ, ಎತ್ತರಕ್ಕೆ ತೂಕ ಹೆಚ್ಚಾಗಿದೆ ಎಂದು ತೋರಿಸಿದ ಮೇಲೆ ನನಗೆ ಎಚ್ಚರವಾಯಿತು. ನೀವೂ ಮೊದಲು ಅದನ್ನು ಮಾಡಿಸಿ, ಕಣ್ಣಳತೆ ನಂಬಬೇಡಿ.

ಆಮೇಲೆ ಅಡುಗೆಮನೆ. ನಮ್ಮಲ್ಲಿ ನಿಪ್ಪಟ್ಟು, ಖಾರಾಸೇವೆಯ ಡಬ್ಬಿಗಳು ಸರಿಯಾಗಿ ಅವನ ಕೈಗೆಟುಕುವಂತಿದ್ದವು. ಅವನ್ನು ಅಟ್ಟಕ್ಕೇರಿಸಿ, ಅವು ಇದ್ದ ಜಾಗದಲ್ಲಿ ಬಾಳೆಹಣ್ಣು, ಹುರಿಗಡಲೆ ಇಟ್ಟೆ. ಶಾಲೆಯಿಂದ ಹಸಿದು ಬಂದ ಮಗು ಮೊದಲು ಕಂಡದ್ದನ್ನೇ ತಿನ್ನುತ್ತದೆ. ಹಾಲಿಗೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದೆ. ಒಮ್ಮೆಲೇ ನಿಲ್ಲಿಸಿದರೆ ಲೋಟ ಹಾಗೇ ಉಳಿಯುತ್ತದೆ; ವಾರಕ್ಕೆ ಕಾಲು ಚಮಚದಂತೆ ಇಳಿಸಿ. ಎರಡು ತಿಂಗಳಲ್ಲಿ ಸಕ್ಕರೆ ಹೋಯಿತು, ಅವನಿಗೆ ಗೊತ್ತೇ ಆಗಲಿಲ್ಲ.

ಊಟದ ಹೊತ್ತಿನಲ್ಲಿ ಟಿವಿ, ಮೊಬೈಲ್ ಬಂದ್. ಅಪ್ಪನದ್ದೂ ಸೇರಿ!

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚುರುಕಿನ ದೈಹಿಕ ಚಟುವಟಿಕೆ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಬೀದಿಯಲ್ಲಿ ಕುಂಟೆಬಿಲ್ಲೆಗೂ ಕಾರುಗಳು ಜಾಗ ಬಿಟ್ಟಿಲ್ಲ. ಹಾಗಾಗಿ ತಾರಸಿಯಲ್ಲಿ ಹಗ್ಗದಾಟ, ನಾನೂ ಏದುಸಿರು ಬಿಡುತ್ತಾ ಎಣಿಸುತ್ತೇನೆ.

ಮಗುವನ್ನು ಉಪವಾಸ ಕೆಡವಬೇಡಿ, ಅದರ ಮುಂದೆ "ದಪ್ಪ" ಎನ್ನಬೇಡಿ. ಇನ್ನು ಅಜ್ಜಿಯರು. "ಇನ್ನೊಂದು ತುತ್ತು" ಎನ್ನುವ ಕೈಯನ್ನು ತಡೆಯಲು ನನ್ನಿಂದಾಗಲಿಲ್ಲ. ಕೋಸಂಬರಿ ಮಾಡುವ ಕೆಲಸವನ್ನೇ ಅತ್ತೆಗೆ ವಹಿಸಿಬಿಟ್ಟೆ. ಈಗ ಆ ತುತ್ತಿನಲ್ಲಿ ಸೌತೆಕಾಯಿ, ಹೆಸರುಬೇಳೆ ಇರುತ್ತದೆ.