ಉಪ್ಪು ಸುರಿಯುವುದನ್ನು ಬಿಟ್ಟು ಆನೋಡ್ ತೂಗಿದ ಮೇಲೆ

ಮಂಡ್ಯದ ನಮ್ಮ ಶೆಡ್‌ನಲ್ಲಿರುವುದು 200 ಲೀಟರಿನ ಒಂದೇ ಒಂದು ನಿಕಲ್ ತೊಟ್ಟಿ; ಹಿತ್ತಾಳೆ ನಲ್ಲಿಗಳಿಗೂ ಬೈಕಿನ ಬಿಡಿಭಾಗಗಳಿಗೂ ಅದರಲ್ಲೇ ಪ್ಲೇಟಿಂಗ್ ಮಾಡುತ್ತೇನೆ. ಹೋದ ಮಳೆಗಾಲದಲ್ಲಿ ಮಾಲು ಅಂಚಿನಲ್ಲಿ ಸುಟ್ಟಂತೆ ಕಪ್ಪಾಗಿ, ನಡುವೆ ಮಂಕಾಗಿ ಬರತೊಡಗಿತು. ದ್ರಾವಣದಲ್ಲಿ ಉಪ್ಪು, ಅಂದರೆ ನಿಕಲ್ ಸಲ್ಫೇಟ್, ಇಳಿದಿದೆ, ಸುರಿ ಎಂದರು ಕಸುಬಿನ ಹಿರಿಯರು. ಸುರಿದೆ. ಎರಡು ವಾರ ಚೆನ್ನಾಗಿದ್ದು ಮತ್ತೆ ಅದೇ ಗೋಳು. ಮೂರು ತಿಂಗಳಲ್ಲಿ ನಿಕಲ್ ಸಲ್ಫೇಟಿಗೇ ಸುಮಾರು 14 ಸಾವಿರ ರೂಪಾಯಿ ಕರಗಿತು. ವಾಪಸು ಬಂದ ಮಾಲನ್ನು ಮತ್ತೆ ಬಫ್ ಮಾಡಿದ, ಅಂದರೆ ಉಜ್ಜಿ ನಯ ಮಾಡಿದ, ಕೂಲಿ ಬೇರೆ.

ಕೊನೆಗೆ ಪಕ್ಕದ ದಿನಸಿ ಅಂಗಡಿಯ ಡಿಜಿಟಲ್ ತಕ್ಕಡಿ ತಂದು ಆನೋಡ್ ಪಟ್ಟಿಗಳನ್ನೂ (ಧನ ತುದಿಗೆ ಕಟ್ಟಿ ತೊಟ್ಟಿಯಲ್ಲಿ ಇಳಿಬಿಟ್ಟ ನಿಕಲ್ ಪಟ್ಟಿಗಳು) ಮಾಲನ್ನೂ ತೂಗಿದೆ. 20 ಆಂಪಿಯರ್‌ನಲ್ಲಿ 5 ಗಂಟೆ ಓಡಿಸಿದರೆ ಲೆಕ್ಕದ ಪ್ರಕಾರ 110 ಗ್ರಾಂ ಹತ್ತಿರ ನಿಕಲ್ ಆನೋಡಿನಿಂದ ಇಳಿದು, ಹೆಚ್ಚುಕಡಿಮೆ ಅಷ್ಟೇ ಮಾಲಿನ ಮೇಲೆ ಕೂರಬೇಕು. ಮಾಲು 105 ಗ್ರಾಂ ಏರಿತ್ತು. ಆನೋಡ್ ಕಳೆದುಕೊಂಡದ್ದು 40 ಗ್ರಾಂ ಕೂಡ ಇಲ್ಲ. ಉಳಿದದ್ದೆಲ್ಲ ನಾನು ದುಡ್ಡು ಕೊಟ್ಟು ಸುರಿದ ಉಪ್ಪಿನಿಂದ ಹೋಗಿತ್ತು.

"ಆನೋಡ್ ಕರಗದಿದ್ದರೆ ಕರೆಂಟ್ ಹೇಗಯ್ಯಾ ಹರಿಯುತ್ತೆ? ಮೀಟರ್ 20 ತೋರಿಸ್ತಾ ಇಲ್ವಾ?" ಎಂದು ಹಿರಿಯರೊಬ್ಬರು ನಕ್ಕರು. ಆದರೆ ಎಲೆಕ್ಟ್ರಾನನ್ನು ಯಾರು ಕೊಟ್ಟರೆಂದು ಮೀಟರ್ ಕೇಳುವುದಿಲ್ಲ. ಒಂದೊಂದು ನಿಕಲ್ ಪರಮಾಣುವೂ ಎರಡು ಎಲೆಕ್ಟ್ರಾನುಗಳನ್ನು ತಂತಿಗೆ ಬಿಟ್ಟುಕೊಟ್ಟು, ಎರಡು ಧನ ವಿದ್ಯುದಂಶ ಹೊತ್ತ ಅಯಾನಾಗಿ ದ್ರಾವಣಕ್ಕೆ ಇಳಿಯಬೇಕಿತ್ತು. ನನ್ನ ಪಟ್ಟಿಗಳ ಮೇಲೆ ಕಪ್ಪು ಪೊರೆ ಕಟ್ಟಿ ನಿಕಲ್ ಹೊರಬರಲಾರದೆ ಕುಳಿತಿದ್ದರಿಂದ, ಅದರ ಬದಲು ನೀರೇ ಎಲೆಕ್ಟ್ರಾನ್ ಕೊಟ್ಟು ಆಕ್ಸಿಜನ್ ಗುಳ್ಳೆಯನ್ನೂ ಆಮ್ಲವನ್ನೂ ಹುಟ್ಟಿಸುತ್ತಿತ್ತು. ಪಿಎಚ್ ಕಾಗದ 4ರಿಂದ 3ಕ್ಕೆ ಇಳಿದದ್ದನ್ನೂ, ಅದೇ ಆಂಪಿಯರಿಗೆ ವೋಲ್ಟೇಜು 5ರಿಂದ 9ಕ್ಕೆ ಏರಿದ್ದನ್ನೂ ನಾನು ಕಂಡಿದ್ದೆ. ತೊಟ್ಟಿಗೆ ಕರೆಂಟ್ ಕೊಡುವ ರೆಕ್ಟಿಫೈಯರ್ ಹಳೆಯದಾಯಿತೆಂದು ಸುಮ್ಮನಿದ್ದೆ.

ಆ ಪೊರೆಯನ್ನು ಒಡೆಯುವುದು ಕ್ಲೋರೈಡ್ ಅಯಾನು. ನನ್ನ ತೊಟ್ಟಿಯಲ್ಲಿ ನಿಕಲ್ ಕ್ಲೋರೈಡ್ ಲೀಟರಿಗೆ 10 ಗ್ರಾಂ ಇದ್ದಿರಬಹುದು. ದುಡ್ಡು ಉಳಿಸಲು ಮೊದಲು 5 ಲೀಟರಿನ ಟಬ್ಬಿನಲ್ಲಿ ಅಡುಗೆ ಉಪ್ಪು ಹಾಕಿ ನೋಡಿದೆ. ಆನೋಡೇನೋ ಕರಗಿತು, ಆದರೆ ಸೋಡಿಯಂ ಅಯಾನು ನಿಕಲ್‌ನಂತೆ ಮಾಲಿನ ಮೇಲೆ ಕೂರುವ ಜಾತಿಯದಲ್ಲ. ಹಾಕಿದಷ್ಟೂ ದ್ರಾವಣದಲ್ಲೇ ಉಳಿದು ಸೇರುತ್ತಾ ಹೋಗುತ್ತದೆ. ಅದನ್ನು ಅಲ್ಲಿಗೇ ಬಿಟ್ಟು ನಿಕಲ್ ಕ್ಲೋರೈಡನ್ನೇ ಕೊಂಡು, ಪದರ ಬಿರುಸಾದೀತೆಂಬ ಭಯದಿಂದ ನಾಲ್ಕು ಕಂತಿನಲ್ಲಿ 7 ಕಿಲೋ ಸೇರಿಸಿ ಲೀಟರಿಗೆ 45 ಗ್ರಾಂಗೆ ತಂದೆ. ಸವೆದ ಪಟ್ಟಿಗಳ ಜೊತೆಗೆ ಹೊಸದಾಗಿ ಎರಡನ್ನು ತೂಗುಹಾಕಿದೆ. ಹಳೆಯ ಪಟ್ಟಿಗಳನ್ನು ಮತ್ತೆ ಕರಗುವಂತೆ ಎಬ್ಬಿಸಿದ ಬಗೆ ಮಾತ್ರ ನನ್ನ ಹೊಟ್ಟೆಪಾಡಿನ ಗುಟ್ಟು.

ಈ ನಡುವೆ ಅಕ್ಕನ ಮಗನಿಗಾಗಿ ಉಪ್ಪುನೀರಲ್ಲಿ ನೆನೆಸಿದ ಫಿಲ್ಟರ್ ಕಾಗದದ ನಡುವೆ ಪೊಟ್ಯಾಸಿಯಂ ಪರ್ಮಾಂಗನೇಟಿನ ಒಂದು ಹರಳಿಟ್ಟು, ಎರಡು ತುದಿಗೆ ಬ್ಯಾಟರಿ ಕೊಟ್ಟೆ. ನೇರಳೆ ಬಣ್ಣ ಧನ ತುದಿಯ ಕಡೆಗೆ ತೆವಳಿದ್ದನ್ನು ನೋಡುತ್ತಾ, ಹುಡುಗನಿಗಿಂತ ನಾನೇ ಹೆಚ್ಚು ಹೊತ್ತು ಕುಳಿತಿದ್ದೆ. ತೊಟ್ಟಿಯೊಳಗೆ ವಿದ್ಯುತ್ತನ್ನು ಹೊತ್ತು ನಡೆಯುವ ಅಯಾನುಗಳ ಜಾತಿಯವರನ್ನು ನಾನು ಕಣ್ಣಾರೆ ಕಂಡದ್ದು ಆವತ್ತೇ.

ಈಗ ಅದೇ 5 ಗಂಟೆಗೆ ಆನೋಡ್ 108 ಗ್ರಾಂ ಇಳಿದರೆ ಮಾಲು 104 ಏರುತ್ತದೆ. ಎಂಟು ತಿಂಗಳಲ್ಲಿ ಸಲ್ಫೇಟ್ ಕೊಂಡದ್ದು ಎರಡೇ ಕಿಲೋ, ಅದೂ ಮಾಲಿಗೆ ಅಂಟಿಕೊಂಡು ಹೋಗುವ ನೀರಿನ ಬಾಬ್ತು. ನಕ್ಕಿದ್ದ ಹಿರಿಯರು ಮೊನ್ನೆ ಬಂದು ಹೊಳಪು ಬರಲು ಯಾವ ಬ್ರೈಟ್ನರ್ ಹಾಕುತ್ತೀಯೆಂದು ಕೇಳಿದರು, ತಕ್ಕಡಿ ತೋರಿಸಿದೆ.